ಆಚೆ ಮನೆಯ ಬಿಸಿ

ಪಕ್ಕದ ಮನೆಯ ಗೆನಾದಿ ನಾಲ್ಕನೇ ಸಲ ಮೆಟ್ಟಿಲು ಹತ್ತಿ ಬಂದ. ಕಂಕುಳಲ್ಲಿ ಮತ್ತೆ ಎರಡು ಥರ್ಮೋಕೋಲ್ ಹಲಗೆ. ತನ್ನ ಬಾಗಿಲ ಕಿಂಡಿಗೆ ಕಣ್ಣಿಟ್ಟು ನಿಂತಿದ್ದ ವೆಸೆಲಾ ಲೆಕ್ಕ ಹಾಕಿದಳು. ಎಂಟಾಯಿತು. ಒಂದು ಇಡೀ ಗೋಡೆಗೆ ಅಷ್ಟು ಸಾಕು.

ಯಾವ ಗೋಡೆಗೆ ಎಂದು ಅವಳಿಗೆ ಗೊತ್ತಿತ್ತು.

ಪೆರ್ನಿಕ್ ಊರಿನ ಆ ಹಳೆಯ ಕಾಂಕ್ರೀಟ್ ಕಟ್ಟಡದಲ್ಲಿ ಚಳಿಗಾಲ ಬಂತೆಂದರೆ ಎರಡೇ ಜಾತಿ. ಮನೆ ಬೆಚ್ಚಗಿಡುವ ಬಿಸಿನೀರಿನ ರೇಡಿಯೇಟರ್ ತೆರೆಯುವವರು, ಮುಚ್ಚುವವರು. ಊರಿನ ಬಾಯ್ಲರಿನಿಂದ ಬಿಸಿನೀರು ಎಲ್ಲರ ಮನೆಗೂ ಬರುತ್ತದೆ, ಹಿಂದೆಯೇ ಬಿಲ್ಲೂ ಬರುತ್ತದೆ. ಕಟ್ಟಲಾಗದವರು ರೇಡಿಯೇಟರಿನ ತಿರುಪು ಬಿಗಿದು, ಮಂಚವನ್ನು ಪಕ್ಕದ ಮನೆಯ ಗೋಡೆಗೆ ತಳ್ಳಿ, ಆಚೆಯಿಂದ ಬರುವ ಬಿಸಿಯಲ್ಲಿ ದಿನ ದೂಡುತ್ತಾರೆ. ಹಾಗೆ ಮಾಡುತ್ತೇನೆಂದು ಮಾತ್ರ ಯಾರೂ ಒಪ್ಪುವುದಿಲ್ಲ. ಸಿಕ್ಕಿಬಿದ್ದರೆ ಮುಗಿಯಿತು, ಬಿಸಿ ದಾಟದ ಹಾಗೆ ಪಕ್ಕದವರು ತಮ್ಮ ಕಡೆಯಿಂದ ಗೋಡೆಗೆ ಥರ್ಮೋಕೋಲ್ ಅಂಟಿಸಿಬಿಡುತ್ತಾರೆ. ಕಳೆದ ವರ್ಷ ಮೂರನೇ ಅಂತಸ್ತಿನಲ್ಲಿ ಹಾಗೇ ಆಯಿತು. ಆ ಎರಡು ಮನೆಯವರು ಈಗ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ವೆಸೆಲಾ ತಿರುಪು ಬಿಗಿದು ಮೂರು ಚಳಿಗಾಲವಾಗಿತ್ತು. ಪಾರ್ಶ್ವವಾಯು ಬಡಿದ ಗಂಡ ಮಿಲ್ಕೊನ ಮಂಚ ಗೆನಾದಿಯ ಮನೆಯ ಗೋಡೆಗೆ ಅಂಟಿಕೊಂಡಿತ್ತು. ಉಳಿದ ಗೋಡೆಗಳನ್ನು ಮುಟ್ಟಿದರೆ ಅಂಗೈ ಮರಗಟ್ಟುತ್ತಿತ್ತು. ಇಲ್ಲಿ ಮಾತ್ರ, ಸಂಜೆಯಾದ ಮೇಲೆ, ದಿಂಬಿನಗಲದಷ್ಟು ಜಾಗ ಉಗುರುಬೆಚ್ಚಗಾಗುತ್ತಿತ್ತು. ಪುಣ್ಯಾತ್ಮ ಸಂಜೆ ಹೊತ್ತಿಗೆ ತಿರುಪು ತೆರೆಯುತ್ತಾನೆ ಎಂದುಕೊಂಡಿದ್ದಳು. ರೈಲು ಓಡಿಸಿದವನು, ಪಿಂಚಣಿ ದೊಡ್ಡದು, ಒಂಟಿ ಜೀವ. ಅವನಿಗೇನು ಕಷ್ಟ?

ಡಿಸೆಂಬರಿನಲ್ಲಿ ಮಿಲ್ಕೊಗೆ ನ್ಯುಮೋನಿಯಾ ಬಂದು ಹೋಗಿತ್ತು. "ಇನ್ನೊಂದು ಸಲ ಶೀತ ಹಿಡೀತು ಅಂದ್ರೆ ನನ್ನ ಕೈಲಿ ಏನೂ ಇಲ್ಲಮ್ಮ" ಎಂದು ಡಾಕ್ಟರು ಕೈಚೆಲ್ಲಿದ್ದರು. ಆ ದಿಂಬಿನಗಲದ ಬಿಸಿಯೂ ಹೋದರೆ ಮಿಲ್ಕೊ ಉಳಿಯುವುದಿಲ್ಲ ಎಂದು ವೆಸೆಲಾಗೆ ಖಾತ್ರಿಯಾಗಿತ್ತು.

ಗೆನಾದಿಗೆ ಅನುಮಾನ ಬಂದು ಬಹಳ ದಿನವಾಗಿರಬೇಕು. ದಿನಾ ಸಂಜೆ ಅವನು ಕುರ್ಚಿ ಎಳೆದು ಗೋಡೆಯ ಬುಡಕ್ಕೇ ಹಾಕಿಕೊಳ್ಳುವ ಸದ್ದು ಅವಳಿಗೆ ಕೇಳುತ್ತಿತ್ತು. ಆಮೇಲೆ ಗಂಟೆಗಟ್ಟಲೆ ಮೌನ. ಕಿವಿಗೊಟ್ಟು ಕೂತಿದ್ದಾನೆ, ಇನ್ನೇನು. ಮಿಲ್ಕೊ ಕೆಮ್ಮಿದಾಗೆಲ್ಲ ಅವಳು ರೇಡಿಯೋ ಜೋರು ಮಾಡುತ್ತಿದ್ದಳು.

ಭಾನುವಾರ ಮೆಟ್ಟಿಲ ಮೇಲೆ ಎದುರಾಗಿದ್ದ.

"ಮನೆ ಬೆಚ್ಚಗಿದ್ಯೇನಮ್ಮ?"

"ಓ, ಚೆನ್ನಾಗಿದೆ ಅಣ್ಣ. ನಿಮ್ಮದು?"

"ನಮ್ಮದಾ? ಸೆಕೆಗೆ ಕಿಟಕಿ ತೆಗೆದೇ ಮಲಗ್ತೀನಿ." ಒಂದು ಮೆಟ್ಟಿಲು ಇಳಿದು, "ಮಿಲ್ಕೊ ಕೆಮ್ಮೋದು ಕೇಳಿಸ್ತು" ಎಂದಿದ್ದ. ಅವಳ ಮುಖ ನೋಡದೆ ಇಳಿದು ಹೋಗಿದ್ದ.

ಇವತ್ತು ಬೆಳಿಗ್ಗೆ ಕೆಳಗಿನ ಅಂತಸ್ತಿನ ರಾದ್ಕಾ ಕಸದ ಬುಟ್ಟಿ ಹಿಡಿದುಕೊಂಡೇ ಸುದ್ದಿ ಮುಟ್ಟಿಸಿದ್ದಳು. "ಗೆನಾದಿ ಗೋಂದು ಕೇಳ್ಕೊಂಡು ಬಂದಿದ್ದ ಕಣೇ. ಯಾಕಪ್ಪಾ ಅಂದ್ರೆ, ಈ ಬಿಸಿ ಕದಿಯೋದು ಇವತ್ತಿಗೆ ನಿಲ್ಲಬೇಕು ಅಂತಾನೆ. ಮುಖ ನೋಡ್ಬೇಕಿತ್ತು ನೀನು, ಕೆಂಪಗಾಗಿತ್ತು. ಯಾರ ಗ್ರಹಚಾರ ಕೆಟ್ಟಿದೆಯೋ."

ಆಚೆ ಗೋಡೆಗೆ ಏನೋ ತಗುಲಿದ ಸದ್ದಾಯಿತು. ಮೊದಲ ಹಲಗೆ.

ವೆಸೆಲಾ ಬೀರುವಿನಿಂದ ಮೆಣಸಿನಕಾಯಿ ಉಪ್ಪಿನಕಾಯಿಯ ಜಾಡಿ ಎತ್ತಿಕೊಂಡಳು. ಬರಿಗೈಯಲ್ಲಿ ಬೇಡಲು ಮನಸ್ಸು ಬರಲಿಲ್ಲ. ಹೊರಗೆ ಬಂದು ಪಕ್ಕದ ಬಾಗಿಲು ಬಡಿದಳು.

ಬಾಗಿಲು ಒಂದು ಗೇಣು ತೆರೆಯಿತು. ಗೆನಾದಿ ದಪ್ಪ ಕೋಟು, ತುಪ್ಪಳದ ಟೋಪಿ ಹಾಕಿಕೊಂಡಿದ್ದ. ಇನ್ನಷ್ಟು ಹಲಗೆ ತರಲು ಹೊರಟಿದ್ದಾನೆ ಎಂದುಕೊಂಡಳು.

"ಅಣ್ಣಾ, ಆ ಗೋಡೆಗೆ ಅಂಟಿಸ್ಬೇಡಿ."

ಅವನ ಮುಖ ಕಪ್ಪಿಟ್ಟಿತು. "ರಾದ್ಕಾ ಹೇಳಿದ್ಲಾ?"

"ಹೇಳಿದ್ಲು. ತಪ್ಪಾಯ್ತು ಅಂತ ಕಾಲಿಗೆ ಬೀಳ್ತೀನಿ. ಏಪ್ರಿಲ್‌ವರೆಗೆ ತಡೀರಿ, ಆಮೇಲೆ ಏನು ಬೇಕಾದ್ರೂ ಮಾಡಿ. ಮಿಲ್ಕೊ ಬದುಕಲ್ಲ."

"ನಿಂದೇನಮ್ಮ ತಪ್ಪು? ಮಿಲ್ಕೊಗೋಸ್ಕರಾನೇ ಅಂಟಿಸ್ತಿರೋದು."

ಇಷ್ಟು ಕಟುಕನೇ ಇವನು! ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. ಜಾಡಿಯನ್ನು ಅವನ ಎದೆಗೆ ಒತ್ತಿ, ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದಳು. ಅಂಟಿಸಿದ್ದನ್ನು ಕಿತ್ತೇ ಹೋಗುತ್ತೇನೆ ಎಂದುಕೊಂಡು ನಡುಮನೆಗೆ ಬಂದವಳ ಬಾಯಿಂದ ಉಸಿರು ಬಿಳಿ ಹೊಗೆಯಾಗಿ ಹೊರಬಿತ್ತು.

ಕಿಟಕಿಯ ಕೆಳಗೆ ರೇಡಿಯೇಟರ್ ಇರಲಿಲ್ಲ. ಅದಿರಬೇಕಾದ ಜಾಗದಲ್ಲಿ ಬಾಯಿ ಮುಚ್ಚಿದ ಎರಡು ಕೊಳವೆ ತುದಿಗಳು, ಅವುಗಳಿಗೂ ತುಕ್ಕು. ಮಿಲ್ಕೊನ ಮಂಚದ ನೇರಕ್ಕೆ, ಗೋಡೆಗೆ ಬೆನ್ನು ಹಚ್ಚಿ ಒಂದು ಕುರ್ಚಿ. ಅದರ ಮೇಲೆ ಕಂಬಳಿ, ಹಿಂದಿನ ಗೋಡೆಯಲ್ಲಿ ಬೆನ್ನು ಒರಗಿ ಸವೆದ ದಿಂಬಿನಗಲದ ಗುರುತು.

ಹಿಂದೆ ಬಂದು ನಿಂತ ಗೆನಾದಿ ಟೋಪಿ ತೆಗೆದು ಕೈಯಲ್ಲಿ ಹಿಂಡಿದ. "ಮೂರು ಚಳಿಗಾಲ ನಿಮ್ಮ ಮನೆ ಬಿಸಿಗೆ ಬೆನ್ನು ಕೊಟ್ಟು ಜೀವ ಉಳಿಸ್ಕೊಂಡೆ ಕಣಮ್ಮ. ಕಾಯಿಲೆ ಮನುಷ್ಯನ ಬಿಸಿ ಕದ್ದು ಕೂರೋಕೆ ಇನ್ನು ನನ್ನ ಕೈಲಾಗಲ್ಲ."