ಬಸ್ ನಿಲ್ದಾಣದ ಬಂದರು

ಸಮುದ್ರ ನಮ್ಮೂರಿನ ಬಸ್ ನಿಲ್ದಾಣದವರೆಗೆ ಬಂದು ಒಂಬತ್ತು ವರ್ಷವಾಯಿತು. ಈಗ ಅದೇ ನಮ್ಮ ಬಂದರು. ನಡೆಸುವವರು ಬೇರೆ ಯಾರೂ ಇಲ್ಲದ್ದರಿಂದ ಊರಿನವರೇ ಸರದಿಯಲ್ಲಿ ನೋಡಿಕೊಳ್ಳುತ್ತೇವೆ. ನನಗೆ ಈಜು ಬಾರದು. ಆದರೂ ಮೂವತ್ತು ವರ್ಷ ಎಲ್ಲರ ಕಂಡಕ್ಟರ್ ಐತಪ್ಪಣ್ಣನಾಗಿದ್ದವನೆಂಬ ಜಂಬದಲ್ಲಿ ದೋಣಿಗಳನ್ನು ಹೊರಡಿಸುವ ಕೆಲಸ ಕೇಳಿ ಪಡೆದೆ.

ಕಳೆದ ತಿಂಗಳು ಹೆರಿಗೆ ನೋವಿನಲ್ಲಿದ್ದ ನೆಬೀಸಾಳನ್ನು ಕರೆದೊಯ್ಯಲು ಆಸ್ಪತ್ರೆಯ ದೋಣಿ ಬಂತು. ಅವಳ ಗಂಡ ಚೀಲ ಹಿಡಿದು ಮೊದಲು ಹತ್ತಿದ. ಅಭ್ಯಾಸಬಲದಿಂದ ನಾನು "ರೈಟ್" ಎಂದುಬಿಟ್ಟೆ. ದೋಣಿ ಹೊರಟಿತು, ನೆಬೀಸಾ ದಡದಲ್ಲೇ ಉಳಿದಳು. "ಹೋಲ್ಡಾನ್" ಎಂದು ಕೂಗಿದ್ದು ಎಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಗಾಬರಿಯಲ್ಲಿ ಅಂಚಿಗೆ ಓಡಿ, ಪಾಚಿಯ ಮೇಲೆ ಕಾಲಿಟ್ಟು ನೀರಿಗೆ ಬಿದ್ದೆ. ನನ್ನನ್ನು ಎತ್ತಲು ದೋಣಿ ತಿರುಗಿ ಬಂತು. ಅದರಲ್ಲೇ ನೆಬೀಸಾ ಹೋದಳು. ಸಂಜೆ ಹೆಣ್ಣು ಮಗುವಾಯಿತು.

ದೋಣಿ ನಿಲ್ಲಿಸಲು ಐತಪ್ಪಣ್ಣ ಪ್ರಾಣದ ಹಂಗು ತೊರೆದು ಹಾರಿದರೆಂದು ಸುತ್ತಲಿನ ಊರುಗಳಲ್ಲೆಲ್ಲ ಸುದ್ದಿಯಾಯಿತು. ನೋಡಲು ಬಂದವರು ಬಂದರಿನ ಹೊಸ ಮೆಟ್ಟಿಲಿಗೆಂದು ಕಲ್ಲು, ಸಿಮೆಂಟು ಕೊಟ್ಟುಹೋದರು. ಸನ್ಮಾನದ ದಿನ ಶಾಲು ಹೊದ್ದು ಕೂತವನಿಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಬಂದರು ಸಮಿತಿಯ ಲೂಸಿಬಾಯಿಯ ಕಿವಿಯಲ್ಲಿ, "ನಾನು ಹಾರಿದ್ದಲ್ಲ ಬಾಯಮ್ಮ, ಜಾರಿದ್ದು" ಎಂದೆ.

"ಗೊತ್ತುಂಟು, ನಾನು ಅಲ್ಲೇ ಇದ್ದೆ" ಎಂದರು ಅವರು. "ಮೆಟ್ಟಿಲು ಕಟ್ಟಿ ಆಗುವವರೆಗೆ ನೀವು ಹಾರಿದ್ದೇ, ಮಾರಾಯ್ರೆ."