ಇಬ್ಬರು ಇನ್ಸ್‌ಪೆಕ್ಟರುಗಳು

ಬಾಗಿಲು ತೆರೆದ ಮುರಿಗೆಪ್ಪ ಮೇಷ್ಟ್ರು ಎದುರಿಗೆ ನಿಂತಿದ್ದ ಪೊಲೀಸಿನವನನ್ನು ಕಂಡು ಎರಡೂ ಕೈಗಳನ್ನು ಮುಂದೆ ಚಾಚಿದರು.

"ಕೋಳ ಹಾಕ್ರಿ. ಆದ್ರೆ ಮಗಳು ಆಫೀಸಿಂದ ಬರೋದ್ರೊಳಗೆ ಕರ್ಕೊಂಡು ಹೋಗಿಬಿಡ್ರಿ. ಅವಳು ನೋಡೋದು ಬೇಡ."

ಪೊಲೀಸಿನವನೇ ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದ. ಅವನು ಹೆಬ್ಬಗೋಡಿಯ ಆ ಅಪಾರ್ಟ್‌ಮೆಂಟಿನ ಗೇಟು ಕಾಯುವ ಹನುಮಂತಯ್ಯ. ಫೋನಿನಲ್ಲಿ ಮೋಸ ಮಾಡುವವರ ಬಗ್ಗೆ ಜನರನ್ನು ಎಚ್ಚರಿಸಲು ಭಾನುವಾರ ಕ್ಲಬ್‌ಹೌಸಿನಲ್ಲಿ ನಾಟಕವಿತ್ತು. ಅದರಲ್ಲಿ ಅವನಿಗೆ ನಕಲಿ ಇನ್ಸ್‌ಪೆಕ್ಟರನ ಪಾತ್ರ. ಬಾಡಿಗೆ ಡ್ರೆಸ್ಸು ಅಂದು ಬೆಳಿಗ್ಗೆಯಷ್ಟೇ ಬಂದಿತ್ತು. ಅದನ್ನು ತೊಟ್ಟು, ಮೀಸೆ ಅಂಟಿಸಿಕೊಂಡು, ಲಾಠಿಯ ಬದಲಿಗೆ ಮೇಷ್ಟ್ರ ವಾಕಿಂಗ್ ಸ್ಟಿಕ್ ಕೇಳೋಣವೆಂದು ಮೆಟ್ಟಿಲು ಹತ್ತಿ ಬಂದಿದ್ದ.

"ಇದ್ಯಾಕ್ ಸಾಮಿ ಇಂಗೆ ಕೈ ನೀಡ್ತೀರಾ?"

"ದುಡ್ಡು ಕಳಿಸದಿದ್ರೆ ಹತ್ತು ನಿಮಿಷದಾಗೆ ಪೊಲೀಸ್ರು ಬರ್ತಾರೆ ಅಂದ್ರು ಸಾಹೇಬ್ರು. ನೀವು ಎಂಟೇ ನಿಮಿಷಕ್ಕೆ ಬಂದ್ರಿ," ಎಂದು ಮೇಷ್ಟ್ರು ಊಟದ ಮೇಜಿನ ಕಡೆ ಕೈ ತೋರಿಸಿದರು.

ಅಲ್ಲಿ ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಇನ್ನೊಬ್ಬ ಇನ್ಸ್‌ಪೆಕ್ಟರ್ ಕೂತಿದ್ದ. ಮಗಳು ಹೇಮಲತಾ ಮನೆಯಿಂದ ಹೊರಟ ಮೇಲೆ ಬಂದ ಕರೆ ಅದು. ಮೂರು ಗಂಟೆ ಹೊತ್ತಿನಿಂದ ಅವನು ಮೇಷ್ಟ್ರನ್ನು ಕುರ್ಚಿ ಬಿಟ್ಟು ಏಳಗೊಟ್ಟಿರಲಿಲ್ಲ. ಅವರ ಆಧಾರ್ ನಂಬರಿನಲ್ಲಿ ಮಾದಕವಸ್ತುವಿನ ಪಾರ್ಸೆಲ್ ಸಿಕ್ಕಿದೆ, ಬ್ಯಾಂಕಿನಲ್ಲಿರುವುದನ್ನೆಲ್ಲ ತನಿಖೆಗಾಗಿ ತಾನು ಹೇಳಿದ ಖಾತೆಗೆ ಹಾಕಬೇಕು, ಯಾರ ಬಳಿಯಾದರೂ ಬಾಯಿಬಿಟ್ಟರೆ ಮಗಳೂ ಜೈಲಿಗೆ ಹೋಗುತ್ತಾಳೆ ಎಂದಿದ್ದ. ಚಿತ್ರದುರ್ಗದ ಕಡೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದ್ದ ಮೇಷ್ಟ್ರು ಅಷ್ಟು ಹೊತ್ತೂ ಕೈಕಟ್ಟಿ ಕೂತಿದ್ದರು.

ಹನುಮಂತಯ್ಯನಿಗೆ ಇದೊಂದೂ ತಿಳಿಯದು. ಮೊಬೈಲಿನಲ್ಲಿದ್ದವನನ್ನು ನೋಡಿ ಅವನು ಬೇರೆಯೇ ಲೆಕ್ಕ ಹಾಕಿದ. ನಾಟಕ ಬರೆದ ಶ್ಯಾಮಲಾ ಮೇಡಂ ತನ್ನ ಪಾತ್ರವನ್ನು ಬೇರೆಯವನಿಗೆ ಕೊಟ್ಟುಬಿಟ್ಟಿದ್ದಾರೆ; ಅವನು ಮೇಷ್ಟ್ರ ಹತ್ತಿರ ಡೈಲಾಗು ಕಲಿಯುತ್ತಿದ್ದಾನೆ. ಡ್ರೆಸ್ಸು ಬೇರೆ ತನ್ನದಕ್ಕಿಂತ ಚೆನ್ನಾಗಿದೆ. ಹನುಮಂತಯ್ಯ ದಾಪುಗಾಲು ಹಾಕಿ ಹೋಗಿ ಮೊಬೈಲಿನ ಮೇಲೆ ಬಗ್ಗಿದ.

"ಯಾವನಯ್ಯ ನೀನು? ಯಾವ ಸ್ಟೇಷನ್ನು? ನನ್ ಜಾಗದಾಗೆ ಕೂತ್ಕಳಕ್ಕೆ ಯಾರ್ ಏಳಿದ್ರು ನಿಂಗೆ?"

ಪರದೆಯ ತುಂಬ ಖಾಕಿ, ನಕ್ಷತ್ರ, ಮೀಸೆ. ಆ ಕಡೆಯವನು ದಡಬಡಿಸಿ ಎದ್ದ. ಅವನ ಬೆನ್ನ ಹಿಂದೆ ಕಚೇರಿಯಂತೆ ಕಾಣುತ್ತಿದ್ದ ಬ್ಯಾನರು ಕಳಚಿ ಬಿತ್ತು. ಅದರಾಚೆ ಬನಿಯನ್ ತೊಟ್ಟ ಒಬ್ಬ ನೆಲದ ಮೇಲೆ ಕೂತು ತಿಂಡಿ ತಿನ್ನುತ್ತಿದ್ದ. ಕರೆ ಕಡಿಯಿತು.

ಮೇಷ್ಟ್ರು ಅದನ್ನು ಕಂಡರು. ಆಮೇಲೆ ಖಾಕಿಯವನ ಮುಖವನ್ನು ದಿಟ್ಟಿಸಿದರು. "ಹನುಮಂತಯ್ಯ ಅಲ್ವೇನೋ ನೀನು?" ಎನ್ನುತ್ತ ಕುರ್ಚಿಯಲ್ಲಿ ಕುಸಿದು ಕೂತರು.

ಅವನು ಓಡಿಹೋಗಿ ಶ್ಯಾಮಲಾಳನ್ನು ಕರೆತಂದ. ಅವಳು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿಸಿದಳು, ಬ್ಯಾಂಕಿಗೂ ತಿಳಿಸಿದಳು. ಒಂದು ರೂಪಾಯಿಯೂ ಹೋಗಿರಲಿಲ್ಲ. ಆದರೂ ಮೇಷ್ಟ್ರ ತಲೆ ಮೇಲೇಳಲಿಲ್ಲ.

"ನಿಮ್ಮ ನಾಟಕದ ನೋಟಿಸಿನಾಗೆ ಎರಡು ಕಾಗುಣಿತ ತಪ್ಪು ತಿದ್ದಿದೋನು ನಾನು. ಅದರಾಗೆ ಏನು ಬರೆದಿತ್ತು ಅಂತ ಓದಲೇ ಇಲ್ಲ ನೋಡಮ್ಮ," ಎಂದರು. ಆಮೇಲೆ ಹನುಮಂತಯ್ಯನ ಕೈ ಹಿಡಿದು, "ಇದನ್ನ ಯಾರಿಗೂ ಹೇಳಬೇಡಪ್ಪ," ಎಂದರು.

"ಆ ಕಳ್ಳನೂ ಅದ್ನೇ ಅಲ್ವಾ ಸಾಮಿ ಏಳಿದ್ದು?"

ಮೇಷ್ಟ್ರ ಮುಖ ನಿಧಾನಕ್ಕೆ ಸಡಿಲಾಯಿತು.

"ಶ್ಯಾಮಲಾ, ನಾಟಕದಾಗೆ ಮೋಸ ಹೋಗೋ ಮುದುಕನ ಪಾರ್ಟು ಯಾರದಮ್ಮ?"

ಭಾನುವಾರ ಸಂಜೆ ಕ್ಲಬ್‌ಹೌಸಿನಲ್ಲಿ ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತರು. ಮನೆಗೆಲಸದವರು, ಗೇಟಿನಾಚೆಯ ಅಂಗಡಿಯವರು, ಎದುರು ಬೀದಿಯ ಬಾಡಿಗೆ ಮನೆಯವರು ಎಲ್ಲರೂ ಬಂದಿದ್ದರು. ಮೇಷ್ಟ್ರು ತಮ್ಮ ಪಾತ್ರವನ್ನು ತಾವೇ ಮಾಡಿದರು. ನಡೆದದ್ದನ್ನು ನಡೆದ ಹಾಗೆಯೇ ಮಾಡಿದರು, ಒಂದನ್ನೂ ಮುಚ್ಚಿಡಲಿಲ್ಲ. ಅವರು ಎರಡೂ ಕೈ ಚಾಚಿ "ಕೋಳ ಹಾಕ್ರಿ" ಅಂದಾಗ ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿದ್ದ ಹೇಮಲತಾ ಎಲ್ಲರಿಗಿಂತ ಜೋರಾಗಿ ನಕ್ಕಳು.

ನಗು ಇಳಿಯುವ ಹೊತ್ತಿಗೆ ಮೂರನೆಯ ಸಾಲಿನಲ್ಲಿ ಅನುಸೂಯಮ್ಮ ಎದ್ದು ನಿಂತರು. ಗೇಟಿನ ಎದುರು ಹೂವು ಮಾರುವ ಹೆಂಗಸು.

"ಸಾಮಿ, ದುಡ್ಡು ಕಳ್ಸಕ್ಕೆ ನಂಗೆ ನಾಳೆ ಅತ್ತು ಗಂಟೆವರ್ಗೂ ಟೈಮ್ ಕೊಟ್ಟವ್ರೆ."

ಶ್ಯಾಮಲಾ ಆಗಲೇ ಫೋನ್ ತೆಗೆದುಕೊಂಡು ಅವರತ್ತ ನಡೆದಿದ್ದಳು. ಮೇಷ್ಟ್ರು ವೇದಿಕೆಯಿಂದಿಳಿದು ಬಂದು ಅನುಸೂಯಮ್ಮನನ್ನು ಕೂರಿಸಿ, ಪಕ್ಕದ ಕುರ್ಚಿಯಲ್ಲಿ ತಾವೂ ಕೂತರು.

"ನನ್ನ ಮೂರು ಗಂಟೆ ಕೂರಿಸಿದ್ರಮ್ಮ. ನಿಮ್ಮನ್ನ?"

"ಎಲ್ಡು ದಿನದಿಂದ ಎದರಿಸ್ತಾವ್ರೆ ಸಾಮಿ."

"ಹಂಗಾದ್ರೆ ನನಗಿಂತ ನೀವೇ ಸೀನಿಯರ್ರು," ಎಂದರು ಮೇಷ್ಟ್ರು.

ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಅನುಸೂಯಮ್ಮ, ಸೆರಗು ತೆಗೆಯದೆಯೇ ನಕ್ಕುಬಿಟ್ಟರು.