ಇನ್ನೊಂದಿದೆ, ಬಾ

ಓಪನರ್‌ಗೆ ರನ್ನಿನ ಅಂದಾಜು ಇರಲಿಲ್ಲ. ಹೊಡೆಯುವುದು ಗೊತ್ತಿತ್ತು, ಓಡುವುದೂ ಗೊತ್ತಿತ್ತು. ಯಾವಾಗ ಓಡಬೇಕೆಂಬುದು ಮಾತ್ರ ಗೊತ್ತಿರಲಿಲ್ಲ. ಶಾಲೆಯ ತಂಡದಿಂದ ದೇಶದ ತಂಡದವರೆಗೂ ಆ ಕೆಲಸ ಅವಳ ಜೊತೆಗಾತಿಯದು. ಗಂಟಲು ದೊಡ್ಡದಾದ್ದರಿಂದ ಜೊತೆಗಾತಿಗೆ ಕಹಳೆ ಎಂದೇ ಹೆಸರು. ಪಿಚ್ಚಿನ ಆ ತುದಿಯಿಂದ ಕಹಳೆ, ಎದುರಾಳಿಗಳಿಗೆ ತಿಳಿಯದ ತಮ್ಮ ಮನೆಮಾತಿನಲ್ಲಿ ‘ಬಾ’ ಎಂದರೆ ಓಪನರ್ ತಲೆ ತಗ್ಗಿಸಿ ಓಡುತ್ತಿದ್ದಳು, ‘ಬೇಡ’ ಎಂದರೆ ನಿಲ್ಲುತ್ತಿದ್ದಳು. ಚೆಂಡು ಎಲ್ಲಿಗೆ ಹೋಯಿತೆಂದು ನೋಡುತ್ತಲೂ ಇರಲಿಲ್ಲ.

ಹೊರದೇಶದ ಈ ಏಕದಿನ ಸರಣಿಗೆ ಕಹಳೆ ಬಂದಿರಲಿಲ್ಲ. ಮಂಡಿಯ ಆಪರೇಷನ್ ಆಗಿ ಊರಲ್ಲಿ ಮಲಗಿದ್ದಳು. ಅವಳ ಜಾಗಕ್ಕೆ ಬಂದ ಎಡಗೈ ಹುಡುಗಿಗೆ ಇವರ ಭಾಷೆ ಬಾರದು. ಅವಳದು ಬರೀ ಯೆಸ್, ನೋ. ಮೊದಲ ಪಂದ್ಯದಲ್ಲಿ ಓಪನರ್ ರನೌಟ್ ಆದಳು. ಎರಡನೆಯದರಲ್ಲೂ. ಎರಡು ಸಲವೂ ಅವಳೊಬ್ಬಳೇ ಪಿಚ್ಚಿನ ನಡುವೆ ಇದ್ದಳು. ಹುಡುಗಿ ಕೈ ಅಡ್ಡ ಹಿಡಿದು ತನ್ನ ಗೆರೆಯೊಳಗೇ ನಿಂತಿದ್ದಳು. ತಂಡ ಎರಡೂ ಪಂದ್ಯ ಸೋತಿತು.

ಡ್ರೆಸ್ಸಿಂಗ್ ರೂಮಿನಲ್ಲಿ ಕೋಚ್ ಮೇಡಂ ಲ್ಯಾಪ್‌ಟಾಪ್ ತೆರೆದು ರನೌಟಿನ ತುಣುಕನ್ನು ಮತ್ತೆ ಮತ್ತೆ ಹಾಕಿದರು. ಹುಡುಗಿ ‘ನೋ’ ಎಂದದ್ದು ಸ್ಪಷ್ಟವಾಗಿತ್ತು. ಮತ್ತೆ ಯಾರು ನಿನ್ನನ್ನು ಕರೆದದ್ದು ಎಂದು ಕೇಳಿದರೆ ಓಪನರ್ ಪ್ಯಾಡಿನ ಪಟ್ಟಿ ಬಿಚ್ಚತೊಡಗಿದಳು. ಕರೆದದ್ದು ಕಹಳೆ. ಅದೇ ‘ಬಾ’, ಕೊನೆಯಲ್ಲಿ ಒಡೆಯುವ ಅದೇ ದನಿ. ಹೇಳಿದರೆ ತಲೆ ಕೆಟ್ಟಿದೆ ಎಂದು ಮನೆಗೆ ಕಳಿಸುತ್ತಾರೆ. ಇನ್ನೊಂದು ರನೌಟ್ ಆದರೆ ಮುಂದಿನ ಪ್ರವಾಸಕ್ಕೆ ನೀನು ಸೂಟ್‌ಕೇಸ್ ಕಟ್ಟುವ ತೊಂದರೆ ಇಲ್ಲ ಎಂದು ಮೇಡಂ ಲ್ಯಾಪ್‌ಟಾಪ್ ಮುಚ್ಚಿದರು.

ಮರುದಿನ ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ, ಮೆಷಿನ್ನಿನ ಗಾಜಿನ ಹಿಂದೆ ತಂಡದ ಜೆರ್ಸಿಗಳು ತಿರುಗುತ್ತಿದ್ದಾಗ, ಓಪನರ್ ಊರಿಗೆ, ಕಹಳೆಗೆ ಫೋನ್ ಮಾಡಿದಳು.

“ಮ್ಯಾಚ್ ನೋಡಿದ್ಯೇನೇ?”

“ಎಲ್ಲಿ ನೋಡ್ಲಿ? ನೀವು ಆಡೋ ಹೊತ್ತಿಗೆ ಇಲ್ಲಿ ನಡುರಾತ್ರಿ. ನೋವಿನ ಮಾತ್ರೆ ನುಂಗಿ ಹೆಣದ ಹಾಗೆ ಬಿದ್ದಿರ್ತೀನಿ.” ಕಹಳೆ ನಕ್ಕಳು. “ಅಮ್ಮಂದು ಬೇರೆ ಗೋಳು. ನಿದ್ದೇಲಿ ಬಾ ಬಾ ಅಂತ ಕೂಗ್ತೀಯ, ಪಕ್ಕದ ಮನೆಯವರು ಏನಂದ್ಕೋತಾರೆ ಅಂತ.”

ಯಾವ ಯಾವ ರಾತ್ರಿ ಎಂದು ಓಪನರ್ ಕೇಳಿದಳು. ಎರಡೂ ಪಂದ್ಯದ ರಾತ್ರಿಗಳೇ. ನಡೆದದ್ದನ್ನೆಲ್ಲ ಹೇಳಿದಳು. ಕಹಳೆ ಹೆದರಲಿಲ್ಲ, ಕಣ್ಣು ಮುಚ್ಚಿಕೊಂಡು ಕರೆದರೆ ಔಟಾಗದೆ ಇನ್ನೇನು ಎಂದಳು.

“ಹಾಗಾದ್ರೆ ಶನಿವಾರದ ಮ್ಯಾಚಿಗೆ ಎಚ್ಚರ ಇರು. ಮಾತ್ರೆ ತಗೋಬೇಡ.”

“ತುಂಬಾ ನೋವಾಗತ್ತೆ ಕಣೇ.”

“ಒಂದೇ ಒಂದು ರಾತ್ರಿ.”

“ಆಯ್ತು ಬಿಡು, ಮಹಾರಾಣಿ.”

ಶನಿವಾರ ದನಿ ಬರಲಿಲ್ಲ. ಓಪನರ್ ಮೊದಲ ಬಾರಿಗೆ ತಲೆಯೆತ್ತಿ ಓಡಿದಳು. ಹುಡುಗಿಯ ಕೈ ನೋಡಿದಳು, ಚೆಂಡು ನೋಡಿದಳು, ಐವತ್ತು ದಾಟಿದಳು. ಗೆಲ್ಲಲು ಎರಡು ರನ್ ಬೇಕಿದ್ದಾಗ ಚೆಂಡನ್ನು ಇಬ್ಬರು ಫೀಲ್ಡರ್‌ಗಳ ನಡುವೆ ತಳ್ಳಿದಳು. ಒಂದು ರನ್ ಸಲೀಸಾಗಿ ಬಂತು. ಸಾಕೆಂದು ಹುಡುಗಿ ಕೈ ಅಡ್ಡ ಹಿಡಿದಳು. ಆಗ ಕಿವಿಯ ಬುಡದಲ್ಲೇ, ನಿದ್ದೆಯ ಮಂಪರಿಲ್ಲದ ದನಿ: “ಇನ್ನೊಂದಿದೆ, ಬಾ.”

ಮೈ ಕೇಳಲಿಲ್ಲ, ತಿರುಗಿ ಓಡಿತು. ಹುಡುಗಿಯೂ ಬೇರೆ ದಾರಿಯಿಲ್ಲದೆ ಬೈಯುತ್ತ ಓಡಿದಳು. ತನ್ನ ಹೆಜ್ಜೆಗಳ ಪಕ್ಕದಲ್ಲಿ ಇನ್ನೆರಡು ಹೆಜ್ಜೆ ಓಪನರ್‌ಗೆ ಕೇಳಿಸಿದವು, ಒಂದು ಹಗುರ, ಒಂದು ಭಾರ. ಬ್ಯಾಟು ಚಾಚಿ ನೆಲಕ್ಕೆ ಬಿದ್ದಳು. ದೊಡ್ಡ ಪರದೆಯ ಮೇಲೆ ಬ್ಯಾಟಿನ ತುದಿ ಗೆರೆಗಿಂತ ಒಂದು ಬೆರಳಿನಷ್ಟು ಒಳಗಿತ್ತು.

ಬಸ್ಸು ಹತ್ತಿದ ಕೂಡಲೇ ಫೋನ್ ಮಾಡಿದಳು. ಎತ್ತಿದ್ದು ಕಹಳೆಯ ಅಮ್ಮ.

“ಆಸ್ಪತ್ರೇಲಿದೀವಿ ಪುಟ್ಟಿ. ಮಾತ್ರೆ ಕೊಟ್ರೆ ತಗೊಳ್ಳಲೇ ಇಲ್ಲ, ದಿಂಬು ಕಚ್ಕೊಂಡು ಕೂತಿದ್ಲು. ಕರೆಂಟ್ ಹೋಗಿ ಟಿವಿ ಕೂಡ ನಿಂತಿತ್ತು. ಕತ್ತಲಲ್ಲಿ ಬಾ ಅಂತ ಕೂಗಿ ಎದ್ದು ಓಡಿದ್ಲು ನೋಡು, ಮಂಡಿ ಲಟಕ್ ಅಂತು. ಇನ್ನು ಆ ಕಾಲು ಮಡಚಲ್ಲ ಅಂದ್ರು ಡಾಕ್ಟ್ರು.” ಅಮ್ಮ ಉಸಿರೆಳೆದುಕೊಂಡರು. “ದೀಪ ಹಚ್ಚಿ ನೋಡಿದ್ರೆ ಊರುಗೋಲನ್ನ ಹೊಸ್ತಿಲು ದಾಟಿಸಿ ಚಾಚ್ಕೊಂಡು ಬಿದ್ದಿದಾಳೆ. ಅಳಲೂ ಇಲ್ಲ. ‘ಒಳಗೆ ಬಂದ್ನಾ ಅಮ್ಮ’ ಅಂತ ಕೇಳಿದ್ಲು. ಅವಳು ಹೊರಗೇ ಹೋಗಿರಲಿಲ್ಲ. ಏನು ಹಾಗಂದ್ರೆ?”

ಹಿಂದಿನ ಸೀಟುಗಳಲ್ಲಿ ಹಾಡು ಶುರುವಾಗಿತ್ತು. ಕೋಚ್ ಮೇಡಂ ಬಂದು ಭುಜ ತಟ್ಟಿ, ಮುಂದಿನ ಪ್ರವಾಸಕ್ಕೆ ಸೂಟ್‌ಕೇಸ್ ಕಟ್ಟಿಕೋ ಎಂದರು. ಆ ಸರಣಿಯಲ್ಲಿ ಹೋದದ್ದು ಎರಡು ಪಂದ್ಯ, ಒಂದು ಮಂಡಿ.